ಗಾಜು ಉಜ್ಜಿದ ಹುಡುಗನ ಊರಿನಲ್ಲಿ ಪುಟ್ಟ ಸೂರ್ಯ

ಜರ್ಮನಿಯ ಮ್ಯೂನಿಕ್ ನಗರದ ನಟ್ಟನಡುವೆ ಮರಿಯನ್‌ಪ್ಲಾಟ್ಸ್ ಎಂಬ ಚೌಕವಿದೆ. ಬೆಳಿಗ್ಗೆ 11 ಗಂಟೆಯಾಯಿತೆಂದರೆ ಅಲ್ಲಿನ ಪುರಭವನದ ಗೋಪುರದ ಗಡಿಯಾರದಲ್ಲಿ ಆಳೆತ್ತರದ ಬೊಂಬೆಗಳು ಕುಣಿಯತೊಡಗುತ್ತವೆ. ಪ್ರವಾಸಿಗರೆಲ್ಲ ಕತ್ತೆತ್ತಿ ನೋಡುತ್ತ ನಿಲ್ಲುತ್ತಾರೆ. ಕೂಗಳತೆಯ ದೂರದಲ್ಲಿರುವ ಟೀರೆಕ್ ಎಂಬ ಸಣ್ಣ ಬೀದಿಯ ಕಡೆಗೆ ಮಾತ್ರ ತಿರುಗಿ ನೋಡುವವರು ಕಡಿಮೆ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಮ್ಯೂನಿಕ್ ಪ್ರವಾಸ ಆರಂಭಿಸಬೇಕಾದದ್ದು ಆ ಬೀದಿಯಿಂದಲೇ.

1801ರ ಜುಲೈ 21ರಂದು ಈ ಬೀದಿಯಲ್ಲಿದ್ದ ಹಳೆಯ ಮನೆಯೊಂದು ಕುಸಿದು ಬಿತ್ತು. ಅದು ಕನ್ನಡಿ ತಯಾರಿಸುವ, ಗಾಜಿಗೆ ಅಲಂಕಾರದ ಕೆತ್ತನೆ ಮಾಡುವ ಕುಶಲಕರ್ಮಿಯೊಬ್ಬನ ಮನೆ. ಅವನ ಹೆಂಡತಿ ಅವಶೇಷಗಳ ಅಡಿಯಲ್ಲಿ ಸಿಕ್ಕಿ ಸತ್ತಳು. ಅಲ್ಲಿ ಕೆಲಸ ಕಲಿಯಲು ಸೇರಿದ್ದ 14 ವರ್ಷದ ಹುಡುಗನೊಬ್ಬ ಮಾತ್ರ ಗಂಟೆಗಟ್ಟಲೆ ಮಣ್ಣು ಮರಮುಟ್ಟುಗಳ ನಡುವೆ ಸಿಲುಕಿದ್ದು ಜೀವಂತವಾಗಿ ಹೊರಬಂದ. ಸುದ್ದಿ ತಿಳಿದು ಸ್ಥಳಕ್ಕೆ ಬಂದಿದ್ದ ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್ ಜೋಸೆಫ್ ಆ ಹುಡುಗನನ್ನು ಕಂಡು ಮರುಗಿದ. ಅರಮನೆಗೆ ಕರೆಸಿ 18 ಚಿನ್ನದ ನಾಣ್ಯಗಳನ್ನು ಕೊಟ್ಟ. ದೊರೆಯ ಜತೆಯಲ್ಲಿದ್ದ ಉಟ್ಸ್‌ಷ್ನೈಡರ್ ಎಂಬ ಅಧಿಕಾರಿ ಓದಲು ಪುಸ್ತಕಗಳನ್ನು ಕೊಟ್ಟ.

ಹುಡುಗನ ಹೆಸರು ಜೋಸೆಫ್ ಫ್ರಾನ್‌ಹೋಫರ್. ಬಡ ಗಾಜುಗಾರನ ಮಗ. ಹನ್ನೆರಡು ತುಂಬುವ ಮೊದಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು. ಓದುವ ಆಸೆ ಬಹಳವಿದ್ದರೂ ಯಜಮಾನನ ಮನೆಯಲ್ಲಿ ಪುಸ್ತಕ ಹಿಡಿಯಲು ಬಿಡುವಿರಲಿಲ್ಲ. ಸಿಕ್ಕ ಹಣದಲ್ಲಿ ಆತ ಗಾಜು ಉಜ್ಜುವ ಯಂತ್ರವೊಂದನ್ನು ಕೊಂಡ. ಉಳಿದ ಹಣವನ್ನು ಯಜಮಾನನಿಗೆ ಕೊಟ್ಟು ಬಿಡುಗಡೆ ಪಡೆದ. ಐದಾರು ವರ್ಷಗಳಲ್ಲಿ ಅದೇ ಉಟ್ಸ್‌ಷ್ನೈಡರ್ ಪಾಲುದಾರನಾಗಿದ್ದ ಉಪಕರಣಗಳ ಕಾರ್ಖಾನೆಗೆ ಸೇರಿಕೊಂಡ.

ಮಠದಲ್ಲಿ ಗಾಜಿನ ಕುಲುಮೆ

ಕಥೆಯ ಮುಂದಿನ ಭಾಗ ನಡೆದದ್ದು ಬೆನೆಡಿಕ್ಟ್‌ಬಾಯರ್ನ್‌ನಲ್ಲಿ. ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಆಲ್ಪ್ಸ್ ಪರ್ವತಗಳ ಬುಡಕ್ಕೆ ಹೋಗುವ ರೈಲು ಹಿಡಿದರೆ ಈ ಊರು ಸಿಗುತ್ತದೆ. ಅಲ್ಲೊಂದು ದೊಡ್ಡ ಕ್ರೈಸ್ತ ಮಠವಿದೆ. 1803ರಲ್ಲಿ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡ ಮೇಲೆ ಅದರ ಕಟ್ಟಡಗಳಲ್ಲಿ ಗಾಜಿನ ಕುಲುಮೆ ಎದ್ದಿತು. ಫ್ರಾನ್‌ಹೋಫರ್ ಮಸೂರಗಳಿಗೆ ಬೇಕಾದ ನಿರ್ಮಲವಾದ ಗಾಜನ್ನು ಎರಕ ಹೊಯ್ಯಲು ಕಲಿತದ್ದು ಇಲ್ಲಿ. ಆ ಕುಲುಮೆಯ ಮನೆಯನ್ನು ಈಗ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ.

ಒಳ್ಳೆಯ ದೂರದರ್ಶಕ ಮಾಡಬೇಕಾದರೆ ಗಾಜು ಒಂದೊಂದು ಬಣ್ಣದ ಬೆಳಕನ್ನು ಎಷ್ಟೆಷ್ಟು ಬಾಗಿಸುತ್ತದೆ ಎಂಬುದು ನಿಖರವಾಗಿ ತಿಳಿದಿರಬೇಕು. ಆದರೆ ಕಾಮನಬಿಲ್ಲಿನಲ್ಲಿ ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಆರಂಭವಾಯಿತೆಂದು ಹೇಳುವುದು ಹೇಗೆ? ಬಣ್ಣಗಳ ನಡುವೆ ಬೇಲಿ ಇಲ್ಲವಲ್ಲ. 1814ರಲ್ಲಿ ಫ್ರಾನ್‌ಹೋಫರ್ ಕಿರಿದಾದ ಸೀಳಿನಿಂದ ಬಂದ ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ ದೂರದರ್ಶಕದಲ್ಲಿ ನೋಡಿದಾಗ ಆ ಬೇಲಿ ಸಿಕ್ಕಿತು. ಬಣ್ಣದ ಪಟ್ಟಿಯ ಉದ್ದಕ್ಕೂ ನೂರಾರು ಕಪ್ಪು ಗೆರೆಗಳು! ಆತ ಐನೂರಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿ, ಪ್ರಮುಖವಾದವಕ್ಕೆ ಇಂಗ್ಲಿಷ್ ಅಕ್ಷರಮಾಲೆಯ ಹೆಸರಿಟ್ಟ. ಪಿ.ಯು.ಸಿ. ಪುಸ್ತಕಗಳಲ್ಲಿ ಬರುವ 'ಡಿ' ರೇಖೆ ಎಂಬ ಹೆಸರು ಅಂದು ಬಿದ್ದದ್ದು.

ಈ ಗೆರೆಗಳು ಏಕಿವೆ ಎಂಬುದು ಆತನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿಯದಿದ್ದರೂ ಅಳೆಯುವುದನ್ನು ಬಿಡಲಿಲ್ಲ. 1826ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಆತನ ವಯಸ್ಸು 39. ಮ್ಯೂನಿಕ್‌ನ ಹಳೆಯ ದಕ್ಷಿಣ ಸ್ಮಶಾನದಲ್ಲಿ ಸಮಾಧಿಯಿದೆ. ನಕ್ಷತ್ರಗಳನ್ನು ಹತ್ತಿರಕ್ಕೆ ತಂದವನು ಎಂಬ ಅರ್ಥದ ಲ್ಯಾಟಿನ್ ಮಾತನ್ನು ಅವನಿಗೆ ಸಲ್ಲಿಸಿದ್ದಾರೆ.

ಈ ಮಾತು ಉತ್ಪ್ರೇಕ್ಷೆಯಲ್ಲ. ಇಸಾರ್ ನದಿಯ ನಡುಗಡ್ಡೆಯ ಮೇಲಿರುವ ಡಾಯ್ಚಸ್ ಮ್ಯೂಸಿಯಂ ಜಗತ್ತಿನ ಅತಿ ದೊಡ್ಡ ವಿಜ್ಞಾನ ವಸ್ತುಸಂಗ್ರಹಾಲಯಗಳಲ್ಲಿ ಒಂದು. 1846ರಲ್ಲಿ ಬರ್ಲಿನ್ನಿನಲ್ಲಿ ನೆಪ್ಚೂನ್ ಗ್ರಹವನ್ನು ಮೊದಲು ಕಂಡ ದೂರದರ್ಶಕ ಈಗ ಇಲ್ಲಿಯ ಸಂಗ್ರಹದಲ್ಲಿದೆ. ಅದು ಸಿದ್ಧವಾದದ್ದು ಫ್ರಾನ್‌ಹೋಫರನ ಕಾರ್ಖಾನೆಯಲ್ಲಿ.

ಗೆರೆಗಳು ಮಾತಾಡಿದವು

ಕಪ್ಪು ಗೆರೆಗಳ ಗುಟ್ಟು ಬಯಲಾದದ್ದು 1859ರಲ್ಲಿ, ಹೈಡೆಲ್‌ಬರ್ಗ್ ಎಂಬ ಇನ್ನೊಂದು ಜರ್ಮನ್ ಊರಿನಲ್ಲಿ. ಒಲೆಯ ಉರಿಗೆ ಚಿಟಿಕೆ ಅಡಿಗೆ ಉಪ್ಪು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ದೀಪಾವಳಿಯ ಬಾಣ ಬಿರುಸುಗಳಲ್ಲಿ ಸ್ಟ್ರಾನ್ಷಿಯಂ ಕೆಂಪನ್ನೂ ಬೇರಿಯಂ ಹಸಿರನ್ನೂ ಕೊಡುತ್ತದೆ. ಪ್ರತಿಯೊಂದು ಧಾತುವಿಗೂ ತನ್ನದೇ ಆದ ಗೆರೆಗಳಿವೆ, ಅವು ಅದರ ಬೆರಳ ಗುರುತು ಇದ್ದ ಹಾಗೆ ಎಂದು ಕಿರ್ಕಾಫ್ ಮತ್ತು ಬುನ್ಸೆನ್ ತೋರಿಸಿಕೊಟ್ಟರು. ಫ್ರಾನ್‌ಹೋಫರನ 'ಡಿ' ರೇಖೆ ಸೋಡಿಯಂನದು. ಅಂದರೆ ಅಡಿಗೆ ಉಪ್ಪಿನಲ್ಲಿರುವ ಲೋಹ ಸೂರ್ಯನಲ್ಲೂ ಇದೆ!

ಅಲ್ಲಿಂದ ಈ ಕಥೆ ಭಾರತಕ್ಕೆ ಬರುತ್ತದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ರೋಹಿತದರ್ಶಕದಲ್ಲಿ ನೋಡಲು ಫ್ರಾನ್ಸಿನ ಜಾನ್ಸೆನ್ ಆಂಧ್ರದ ಗುಂಟೂರಿಗೆ ಬಂದಿದ್ದ. ಹೀಲಿಯಂ ಧಾತುವಿನ ಪತ್ತೆಗೆ ದಾರಿಯಾದದ್ದು ಆ ಗ್ರಹಣ. ಮರುವರ್ಷದ ಗ್ರಹಣದಲ್ಲಿ ಅಮೆರಿಕದ ವಿಜ್ಞಾನಿಗಳು ಸೂರ್ಯನ ಹೊರಗಿನ ಪ್ರಭಾವಲಯದಲ್ಲಿ ಒಂದು ಹಸಿರು ಗೆರೆಯನ್ನು ಕಂಡರು. ಅದು ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತುವೇ ಇರಬೇಕೆಂದು 'ಕೊರೋನಿಯಂ' ಎಂಬ ಹೆಸರನ್ನೂ ಕೊಟ್ಟಾಯಿತು. ಸುಮಾರು ಎಪ್ಪತ್ತು ವರ್ಷ ಹುಡುಕಿದರೂ ಕೊರೋನಿಯಂ ಸಿಗಲೇ ಇಲ್ಲ.

ಸಿಗುವುದಾದರೂ ಹೇಗೆ? ಅದು ನಮ್ಮ ಬಾವಿಯ ರಾಟೆಯಲ್ಲೂ ಬಾಗಿಲ ಚಿಲಕದಲ್ಲೂ ಇರುವ ಕಬ್ಬಿಣ! 1940ರ ಆಸುಪಾಸಿನಲ್ಲಿ ಜರ್ಮನಿಯ ಗ್ರೋಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ ಈ ವೇಷವನ್ನು ಕಳಚಿದರು. ಕಬ್ಬಿಣದ ಪರಮಾಣುವಿನಲ್ಲಿ 26 ಎಲೆಕ್ಟ್ರಾನುಗಳಿವೆ. ಅವುಗಳಲ್ಲಿ 13 ಕಳಚಿಹೋದರೆ ಆಗ ಹೊಮ್ಮುವುದು ಆ ಹಸಿರು ಗೆರೆ. ಅಷ್ಟು ಎಲೆಕ್ಟ್ರಾನುಗಳು ಕಳಚಬೇಕಾದರೆ ಸೂರ್ಯನ ಪ್ರಭಾವಲಯ ಹತ್ತಿಪ್ಪತ್ತು ಲಕ್ಷ ಡಿಗ್ರಿ ಬಿಸಿಯಿರಬೇಕು. ಒಂದು ಗೆರೆ ಸೂರ್ಯನ ಹೊರಮೈಯ ಜ್ವರವನ್ನು ಹೇಳಿಬಿಟ್ಟಿತು.

ಬಿಸಿ ಹೆಚ್ಚಿದಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಲೆಕ್ಕವನ್ನು 1920ರಲ್ಲೇ ಒಂದು ಸಮೀಕರಣದಲ್ಲಿ ಹಿಡಿದಿಟ್ಟವರು ನಮ್ಮ ಮೇಘನಾದ ಸಹಾ. ಎಲೆಕ್ಟ್ರಾನು ಕಳೆದುಕೊಂಡ ಪರಮಾಣುವಿಗೆ ಅಯಾನು ಎಂದು ಹೆಸರು. ಅದೇ ಕಬ್ಬಿಣವಾದರೂ ಒಂದೊಂದು ಎಲೆಕ್ಟ್ರಾನು ಕಳಚಿದಾಗಲೂ ಅದರ ಗೆರೆಗಳೆಲ್ಲ ಬದಲಾಗುತ್ತವೆ. ಒಬ್ಬನೇ ನಟ ಒಂದೇ ರಾತ್ರಿ ಹತ್ತಾರು ವೇಷ ಹಾಕಿದ ಹಾಗೆ.

1980ರ ಫೆಬ್ರುವರಿ 16ರಂದು ಉತ್ತರ ಕರ್ನಾಟಕದಲ್ಲಿ ಹಾಡಹಗಲೇ ಕತ್ತಲಾದದ್ದನ್ನು ಈಗಿನ ಮಕ್ಕಳ ಅಜ್ಜ ಅಜ್ಜಿಯರು ಮರೆತಿರಲಾರರು. ಅಂದು ಬಾಗಿಲು ಹಾಕಿಕೊಂಡು ಒಳಗೆ ಕುಳಿತವರೇ ಹೆಚ್ಚು. ಹೊರಗೆ ಕಪ್ಪು ಬಿಲ್ಲೆಯ ಸುತ್ತ ಬೆಳ್ಳಗೆ ಹೊಳೆದ ಪ್ರಭಾವಲಯದಲ್ಲಿ ಇದ್ದದ್ದೂ ಇದೇ ಎಲೆಕ್ಟ್ರಾನು ಕಳಚಿದ ಕಬ್ಬಿಣ.

ನೆಲದಡಿಯ ರೈಲಿನಲ್ಲಿ ಗಾರ್ಷಿಂಗ್‌ಗೆ

ಸೂರ್ಯನಲ್ಲಿ ನಡೆಯುವುದನ್ನು ಭೂಮಿಯ ಮೇಲೆ ನಡೆಸಲು ಹೊರಟವರಿಗೂ ಇಂಥ ಗೆರೆಗಳೇ ದಾರಿದೀಪ. ಅದನ್ನು ನೋಡಲು ಪ್ರವಾಸಿ ಮರಿಯನ್‌ಪ್ಲಾಟ್ಸ್‌ಗೆ ಮರಳಿ, 'ಯು-6' ಎಂಬ ನೆಲದಡಿಯ ರೈಲನ್ನು ಹತ್ತಿ ಉತ್ತರಕ್ಕೆ ಹೋಗಬೇಕು. ವಿಶ್ವವಿದ್ಯಾಲಯದ ನಿಲ್ದಾಣ ದಾಟಿದ ಮೇಲೆ ರೈಲು ನೆಲದ ಮೇಲೆ ಬರುತ್ತದೆ. ಬಲೂನಿನಂತೆ ಉಬ್ಬಿದ ಫುಟ್‌ಬಾಲ್ ಕ್ರೀಡಾಂಗಣವೊಂದು ಕಾಣಿಸುತ್ತದೆ. ಕೊನೆಯ ನಿಲ್ದಾಣದ ಹೆಸರೇ 'ಗಾರ್ಷಿಂಗ್ ಸಂಶೋಧನಾ ಕೇಂದ್ರ'. 2006ರಲ್ಲಿ ರೈಲುಹಾದಿ ಇಲ್ಲಿಯವರೆಗೆ ಬಂತು.

ಗಾರ್ಷಿಂಗ್ ಒಂದು ಕಾಲಕ್ಕೆ ರೈತರ ಹಳ್ಳಿ. 1957ರಲ್ಲಿ ಇಲ್ಲಿ ಜರ್ಮನಿಯ ಮೊದಲ ಸಂಶೋಧನಾ ಪರಮಾಣು ರಿಯಾಕ್ಟರ್ ಶುರುವಾಯಿತು. ಅದರ ಗುಮ್ಮಟ ಮೊಟ್ಟೆಯಾಕಾರದ್ದು. ಜನ ಅದನ್ನು 'ಅಣುಮೊಟ್ಟೆ' ಎಂದೇ ಕರೆದರು. ಊರಿನ ಲಾಂಛನದಲ್ಲೂ ಆ ಮೊಟ್ಟೆ ಸೇರಿಕೊಂಡಿತು. ಆ ರಿಯಾಕ್ಟರ್ 2000ದಲ್ಲಿ ನಿಂತಿದೆ, ಗುಮ್ಮಟ ಸ್ಮಾರಕವಾಗಿ ಉಳಿದಿದೆ. ಸುತ್ತಮುತ್ತ ಈಗ ತಾಂತ್ರಿಕ ವಿಶ್ವವಿದ್ಯಾಲಯದ ವಿಭಾಗಗಳು, ಖಗೋಳ ವಿಜ್ಞಾನದ ಕಚೇರಿಗಳು. ಅವುಗಳ ನಡುವೆ ಮ್ಯಾಕ್ಸ್ ಪ್ಲಾಂಕ್ ಪ್ಲಾಸ್ಮಾ ಭೌತವಿಜ್ಞಾನ ಸಂಸ್ಥೆ. 1960ರಲ್ಲಿ ಇದನ್ನು ಕಟ್ಟಿದವರಲ್ಲಿ ವರ್ನರ್ ಹೈಸನ್‌ಬರ್ಗ್ ಕೂಡ ಒಬ್ಬ. ಮುಂಚಿತವಾಗಿ ಕೇಳಿಕೊಂಡು ಬಂದ ಶಾಲಾ ಮಕ್ಕಳ ತಂಡಗಳಿಗೆ ಸಂಸ್ಥೆಯನ್ನು ತೋರಿಸುವ ಪದ್ಧತಿಯಿದೆ.

ಇಲ್ಲಿನ ಮುಖ್ಯ ಯಂತ್ರದ ಹೆಸರು 'ಆಸ್ಡೆಕ್ಸ್ ಅಪ್‌ಗ್ರೇಡ್'. ಸುಮಾರು 9 ಮೀಟರ್ ಎತ್ತರ, 800 ಟನ್ ತೂಕ. 1991ರಲ್ಲಿ ಮೊದಲ ಬಾರಿಗೆ ಕೆಲಸ ಮಾಡಿತು. ನಡುವೆ ಉದ್ದಿನ ವಡೆಯ ಆಕಾರದ ಪೊಳ್ಳು ಕೋಣೆಯಿದೆ. ಸುತ್ತ ತಾಮ್ರದ 16 ದೊಡ್ಡ ಸುರುಳಿಗಳು. ಕೋಣೆಯ ಗಾಳಿಯನ್ನೆಲ್ಲ ಹೀರಿ ತೆಗೆದು, ಕೆಲವೇ ಮಿಲಿಗ್ರಾಂ ಹೈಡ್ರೋಜನ್ ಇಲ್ಲವೆ ಅದರ ಅಣ್ಣನಾದ ಡ್ಯುಟೀರಿಯಂ ಅನಿಲವನ್ನು ಬಿಡುತ್ತಾರೆ. ಅದನ್ನು ಹತ್ತು ಕೋಟಿ ಡಿಗ್ರಿಯವರೆಗೂ ಕಾಯಿಸುತ್ತಾರೆ. ಸೂರ್ಯನ ಗರ್ಭದ ಬಿಸಿ ಒಂದೂವರೆ ಕೋಟಿ ಡಿಗ್ರಿ ಮಾತ್ರ ಎಂಬುದನ್ನು ನೆನೆದರೆ ಈ ಸಾಹಸ ಎಂಥದೆಂದು ತಿಳಿಯುತ್ತದೆ. ಇಷ್ಟು ಬಿಸಿಯಲ್ಲಿ ಅನಿಲದ ಪರಮಾಣುಗಳು ಒಡೆದು ಅಯಾನು ಎಲೆಕ್ಟ್ರಾನುಗಳ ಬೆಂಕಿ ಸಾರಾಗುತ್ತವೆ. ಅದೇ ಪ್ಲಾಸ್ಮಾ. ಅದನ್ನು ಗೋಡೆಗೆ ತಾಗದಂತೆ ಹಿಡಿದಿಡುವುದು ಸುರುಳಿಗಳ ಕಾಂತಶಕ್ತಿ. ಒಂದೊಂದು ಪ್ರಯೋಗವೂ ಹತ್ತು ಸೆಕೆಂಡಿನೊಳಗೆ ಮುಗಿಯುತ್ತದೆ.

ಇಷ್ಟೆಲ್ಲ ಪಾಡು ಏಕೆ? ಡ್ಯುಟೀರಿಯಂ ಮತ್ತು ಟ್ರಿಟಿಯಂ ಎಂಬ ಹೈಡ್ರೋಜನ್ನಿನ ಎರಡು ರೂಪಗಳು ಇಂಥ ಬಿಸಿಯಲ್ಲಿ ಬೆಸೆದುಕೊಂಡರೆ ಹೀಲಿಯಂ ಹುಟ್ಟುತ್ತದೆ, ಜತೆಗೆ ಅಪಾರ ಶಕ್ತಿ. ಇದೇ ಬೈಜಿಕ ಸಮ್ಮಿಲನ. ಡ್ಯುಟೀರಿಯಂ ಸಮುದ್ರದ ನೀರಿನಲ್ಲಿದೆ. ಹೊಗೆಯಿಲ್ಲ, ಕಲ್ಲಿದ್ದಲಿನ ಬೂದಿಯಿಲ್ಲ. ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ 'ಜೆಟ್' ಯಂತ್ರ 2023ರ ಕೊನೆಯಲ್ಲಿ ಶಾಶ್ವತವಾಗಿ ನಿಲ್ಲುವ ಮೊದಲು 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಶಕ್ತಿಯನ್ನು ಪಡೆದು ದಾಖಲೆ ಮಾಡಿತು. ಆದರೂ ಒಳಗೆ ಹಾಕಿದ ಶಾಖಕ್ಕಿಂತ ಹೆಚ್ಚು ಶಾಖವನ್ನು ಹೊರತೆಗೆಯುವುದು ಕಾಂತದಿಂದ ಪ್ಲಾಸ್ಮಾ ಹಿಡಿಯುವ ಯಂತ್ರಗಳಿಗೆ ಇನ್ನೂ ಕೈಗೂಡಿಲ್ಲ.

ತೋಳದ ಹೆಸರಿನ ಲೋಹ

ತೊಡಕುಗಳಲ್ಲಿ ಒಂದು ಗೋಡೆಯದು. ಕಾಂತದ ಹಿಡಿತ ಎಷ್ಟೇ ಬಿಗಿಯಿದ್ದರೂ ಪ್ಲಾಸ್ಮಾದ ಅಂಚು ಎಲ್ಲೋ ಒಂದು ಕಡೆ ತಾಗಲೇಬೇಕು. ಬಚ್ಚಲ ಒಲೆಗೆ ಬೂದಿಗುಂಡಿ ಇದ್ದ ಹಾಗೆ, ಕೋಣೆಯ ತಳದಲ್ಲಿ ಹುಟ್ಟಿದ ಹೀಲಿಯಂ ಮತ್ತು ಕೊಳೆಯನ್ನು ಹೊರಹಾಕುವ ತೋಡು ಇದೆ. ಅಲ್ಲಿ ಬೀಳುವ ಶಾಖ ಭಯಂಕರ. ಮುಂದಿನ ದೊಡ್ಡ ಯಂತ್ರಗಳಲ್ಲಿ ಒಂದು ಚದರ ಮೀಟರಿಗೆ ಒಂದು ಕೋಟಿ ವ್ಯಾಟ್. ನಡುಬೇಸಿಗೆಯ ಮಟಮಟ ಮಧ್ಯಾಹ್ನದ ಬಿಸಿಲಿನ ಹತ್ತು ಸಾವಿರ ಪಟ್ಟು!

ಇದನ್ನು ತಡೆಯಬಲ್ಲ ಲೋಹ ಯಾವುದು? ಹಳೆಯ ವಿದ್ಯುತ್ ಬಲ್ಬಿನ ಒಳಗೆ ಕೆಂಪಗೆ ಕಾದು ಬೆಳಕು ಕೊಡುತ್ತಿದ್ದ ತಂತಿ ನೆನಪಿರಬಹುದು. ಅದೇ ಟಂಗ್‌ಸ್ಟನ್. 3422 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ ಇದು ಲೋಹಗಳಲ್ಲೇ ಅತಿ ಹೆಚ್ಚು ಕರಗುಬಿಂದು ಉಳ್ಳದ್ದು. ಹೆಸರು ಸ್ವೀಡಿಷ್ ಭಾಷೆಯದು, ಭಾರವಾದ ಕಲ್ಲು ಎಂದು ಅರ್ಥ. ಆದರೆ ಅದರ ರಾಸಾಯನಿಕ ಚಿಹ್ನೆ ಡಬ್ಲ್ಯು. ಜರ್ಮನ್ ಹೆಸರು ವೋಲ್ಫ್ರಾಮ್‌ನಿಂದ ಬಂದದ್ದು. ಈ ಅದಿರು ಬೆರೆತರೆ ಕುಲುಮೆಯಲ್ಲಿ ತವರವೇ ಕಡಿಮೆಯಾಗುತ್ತಿತ್ತು. ತೋಳ ಕುರಿಯನ್ನು ತಿಂದಂತೆ ಇದು ತವರವನ್ನು ತಿನ್ನುತ್ತದೆಂದು ಹಿಂದಿನ ಗಣಿಗಾರರು ತೋಳದ ಹೆಸರಿಟ್ಟರು. ನಮ್ಮ ಕೋಲಾರದ ಚಿನ್ನದ ಗಣಿಗಳ ಬಳಿ ಗುಡ್ಡೆ ಬಿದ್ದಿರುವ ಪುಡಿ ಮಣ್ಣಿನಲ್ಲೂ ಷೀಲೈಟ್ ಎಂಬ ಟಂಗ್‌ಸ್ಟನ್ ಅದಿರು ಇದೆ.

ಪ್ಲಾಸ್ಮಾದ ಒಳಗೂ ಅದು ತೋಳವೇ. 1970ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪ್ಲಾಸ್ಮಾದ ಅಂಚಿಗೆ ಟಂಗ್‌ಸ್ಟನ್ ತುಂಡುಗಳನ್ನು ಇಟ್ಟು ನೋಡಿದರು. ಅಲ್ಲಿಂದ ಎದ್ದ ಟಂಗ್‌ಸ್ಟನ್ ಪರಮಾಣುಗಳು ಪ್ಲಾಸ್ಮಾದ ನಡುವೆ ಹೋಗಿ ಸೇರಿಕೊಂಡವು. ಎಲ್ಲಕ್ಕಿಂತ ಬಿಸಿಯಾಗಿರಬೇಕಾದ ನಡುಭಾಗವೇ ತಣ್ಣಗಾಯಿತು. ಟಂಗ್‌ಸ್ಟನ್ ತೆಗೆದು ಇಂಗಾಲವನ್ನು ಇಟ್ಟರು, ಬಿಸಿ ಏರಿತು. ಅಲ್ಲಿಗೆ ಟಂಗ್‌ಸ್ಟನ್ನಿನ ಕಥೆ ಮುಗಿಯಿತೆಂದೇ ಹಲವರು ಭಾವಿಸಿದರು.

ಹೀಗಾಗಲು ಕಾರಣ ಸರಳ. ಹೈಡ್ರೋಜನ್ನಿಗೆ ಇರುವುದು ಒಂದೇ ಎಲೆಕ್ಟ್ರಾನು, ಇಂಗಾಲಕ್ಕೆ ಆರು. ಪ್ಲಾಸ್ಮಾದ ನಡುವೆ ಅವೆಲ್ಲ ಕಳಚಿಹೋಗುತ್ತವೆ. ಎಲೆಕ್ಟ್ರಾನೇ ಇಲ್ಲದ ಮೇಲೆ ಗೆರೆಯೂ ಇಲ್ಲ. ಟಂಗ್‌ಸ್ಟನ್ನಿಗೆ ಇರುವುದು 74. ನಾಲ್ಕೈದು ಕೋಟಿ ಡಿಗ್ರಿಯಲ್ಲೂ ಅದು ನಲವತ್ತಾರನ್ನು ಕಳೆದುಕೊಂಡು 28ನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಉಳಿದ ಎಲೆಕ್ಟ್ರಾನುಗಳು ಏಟು ತಿಂದಾಗಲೆಲ್ಲ ಮೇಲಿನ ಮೆಟ್ಟಿಲಿಗೆ ಜಿಗಿದು ಕೆಳಗೆ ಬೀಳುತ್ತವೆ. ಪ್ರತಿ ಬೀಳುವಿಕೆಗೂ ಒಂದೊಂದು ಕಿರಣ ಹೊರಬಿದ್ದು ಶಾಖವನ್ನು ಒಯ್ಯುತ್ತದೆ. ಹತ್ತು ಸಾವಿರ ಕಣಗಳಲ್ಲಿ ಒಂದೆರಡು ಟಂಗ್‌ಸ್ಟನ್ ಸೇರಿದರೂ ಸಾಕು, ಸಮ್ಮಿಲನದ ಬೆಂಕಿ ತಾನಾಗಿ ಉರಿಯಲಾರದು. ಹಾಲಿನ ಹಂಡೆಗೆ ಹುಳಿಯ ಹನಿ ಬಿದ್ದ ಹಾಗೆ.

ಹಾಗಾದರೆ ಇಂಗಾಲವನ್ನೇ ಇಟ್ಟುಕೊಳ್ಳಬಹುದಲ್ಲ? ಅದೂ ಆಗದು. ಇಂಗಾಲ ಹೈಡ್ರೋಜನ್ನಿನ ಜತೆ ಸುಲಭವಾಗಿ ಕೂಡಿಕೊಂಡು ಗೋಡೆಯ ಮೇಲೆ ಮಸಿಯಂಥ ಪೊರೆ ಕಟ್ಟುತ್ತದೆ. ದುರ್ಲಭವೂ ವಿಕಿರಣಶೀಲವೂ ಆದ ಟ್ರಿಟಿಯಂ ಆ ಪೊರೆಯಲ್ಲಿ ಸಿಕ್ಕಿಬೀಳುತ್ತದೆ. ಬೆಲೆಬಾಳುವ ಇಂಧನ ಗೋಡೆಯ ಪಾಲು, ಮೇಲಾಗಿ ಅಪಾಯ.

ಅದೃಶ್ಯ ಬೆಳಕಿನ ಓದು

ಎಲ್ಲರೂ ಕೈಬಿಟ್ಟ ಲೋಹವನ್ನು ಗಾರ್ಷಿಂಗ್‌ನವರು ಮತ್ತೆ ಕೈಗೆತ್ತಿಕೊಂಡರು. 1995-96ರಲ್ಲಿ ಬೂದಿಗುಂಡಿಯ ತೋಡಿನ ಟೈಲ್ಸುಗಳಿಗೆ ಮಾತ್ರ ಟಂಗ್‌ಸ್ಟನ್ ಲೇಪ ಕೊಟ್ಟು ನೋಡಿದರು. ಪ್ಲಾಸ್ಮಾ ಕೆಡಲಿಲ್ಲ. 1999ರಿಂದ ಗೋಡೆಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಹೋದರು. ಪ್ರತಿ ಹಂತದಲ್ಲೂ ನಿಂತು ಅಳೆದರು. 2007ರ ಹೊತ್ತಿಗೆ ಪ್ಲಾಸ್ಮಾಕ್ಕೆ ಎದುರಾದ ಇಡೀ ಗೋಡೆ ಟಂಗ್‌ಸ್ಟನ್ ಆಯಿತು.

ಅಳೆದದ್ದು ಏನನ್ನು? ತೋಳ ಎಷ್ಟು ಒಳಗೆ ಬಂದಿದೆ, ಎಲ್ಲಿ ಅಡಗಿದೆ ಎಂಬುದನ್ನು. ಹತ್ತು ಕೋಟಿ ಡಿಗ್ರಿಯ ಪ್ಲಾಸ್ಮಾದೊಳಗೆ ಯಾವ ಥರ್ಮಾಮೀಟರನ್ನೂ ಇಡುವಂತಿಲ್ಲ, ಚಮಚ ಅದ್ದಿ ಮಾದರಿ ತೆಗೆಯುವಂತಿಲ್ಲ. ಹೊರಗೆ ಬರುವ ಬೆಳಕೊಂದೇ ಸಾಕ್ಷಿ. ಆದರೆ ಇಲ್ಲಿನ ಬೆಳಕು ಕಣ್ಣಿಗೆ ಕಾಣುವಂಥದಲ್ಲ. ನಾವು ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಒಂದು ಒಂದೂವರೆ ಕೋಟಿ ಡಿಗ್ರಿಯಲ್ಲಿ ಟಂಗ್‌ಸ್ಟನ್ ಹೆಚ್ಚಾಗಿ ಹೊಳೆಯುವುದು 5 ನ್ಯಾನೊಮೀಟರ್ ಆಸುಪಾಸಿನಲ್ಲಿ. ಇಂಥ ಕಿರಣ ಗಾಳಿಯಲ್ಲೂ ಸಾಗದು, ಫ್ರಾನ್‌ಹೋಫರನ ಅತಿ ನಿರ್ಮಲವಾದ ಗಾಜಿನಲ್ಲೂ ತೂರದು. ಆದ್ದರಿಂದ ಉಪಕರಣದ ಒಳಗೂ ಗಾಳಿ ತೆಗೆದಿರಬೇಕು. ಪಟ್ಟಕದ ಬದಲು ನುಣುಪಾದ ಫಲಕದ ಮೇಲೆ ಸಾವಿರಾರು ಸೂಕ್ಷ್ಮ ಗೀರುಗಳನ್ನು ಎಳೆದ ಗ್ರೇಟಿಂಗ್ ಇರುತ್ತದೆ. ಕೆರೆಯ ನೀರಿನ ಮೇಲೆ ಎಸೆದ ಕಪ್ಪೆಕಲ್ಲಿನಂತೆ ಕಿರಣ ಅದನ್ನು ಸವರಿಕೊಂಡು ಹೋಗಿ ಬಿಡಿಬಿಡಿಯಾಗುತ್ತದೆ.

ಗ್ರೇಟಿಂಗಿನಿಂದ ರೋಹಿತ ಪಡೆಯುವುದರಲ್ಲೂ ಫ್ರಾನ್‌ಹೋಫರನೇ ಮುಂದಾಳು. ಇನ್ನೂ ಗಿಡ್ಡ ಅಲೆಯ ಕ್ಷ-ಕಿರಣಗಳಿಗೆ ಹರಳುಗಳೇ ಗ್ರೇಟಿಂಗು. ಹರಳಿನ ಪರಮಾಣುಗಳ ಸಾಲು ಕ್ಷ-ಕಿರಣವನ್ನು ಚದುರಿಸಬಲ್ಲದು ಎಂಬುದು ಬೆಳಕಿಗೆ ಬಂದದ್ದು 1912ರಲ್ಲಿ, ಮಾಕ್ಸ್ ಫಾನ್ ಲಾವೆಯ ಸೂಚನೆಯಂತೆ ನಡೆದ ಪ್ರಯೋಗದಲ್ಲಿ. ಅದೂ ಇದೇ ಮ್ಯೂನಿಕ್‌ನಲ್ಲಿ! ನಲವತ್ತಾರು ಎಲೆಕ್ಟ್ರಾನು ಕಳೆದುಕೊಂಡ ಟಂಗ್‌ಸ್ಟನ್ 0.793 ನ್ಯಾನೊಮೀಟರಿನಲ್ಲಿ ಹೊಮ್ಮಿಸುವ ಗೆರೆಯನ್ನು ಗಾರ್ಷಿಂಗ್‌ನಲ್ಲಿ ಹಿಡಿಯುವುದು ಹರಳಿನ ಉಪಕರಣದಿಂದ.

ಗೆರೆ ಕಂಡರೆ ಸಾಲದು, ಅದು ಯಾವ ಅಯಾನಿನದು ಎಂದು ತಿಳಿಯಬೇಕು. 5 ನ್ಯಾನೊಮೀಟರ್ ಬಳಿ ಟಂಗ್‌ಸ್ಟನ್ನಿನ ಹತ್ತಾರು ವೇಷಗಳ ಸಾವಿರಾರು ಗೆರೆಗಳು ಒಂದರ ಮೇಲೊಂದು ಬಿದ್ದು ಗುಡ್ಡದಂತೆ ಕಾಣುತ್ತವೆ. ಜಾತ್ರೆಯ ಗದ್ದಲದಲ್ಲಿ ಒಬ್ಬನ ದನಿಯನ್ನು ಹಿಡಿಯುವುದು ಹೇಗೆ? ಇದಕ್ಕಾಗಿಯೇ ಇರುವ ಉಪಕರಣ 'ಇಬಿಟ್'. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. ಅದರಲ್ಲಿ ಎಲೆಕ್ಟ್ರಾನುಗಳ ಸಣ್ಣ ಧಾರೆಯೊಳಗೆ ಅಯಾನುಗಳನ್ನು ಕೂಡಿಹಾಕುತ್ತಾರೆ. ಧಾರೆಯ ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರೆ ಎಲೆಕ್ಟ್ರಾನುಗಳು ಒಂದೊಂದಾಗಿ ಕಳಚುತ್ತವೆ. ಯಾವ ಮೆಟ್ಟಿಲಿನಲ್ಲಿ ಯಾವ ಗೆರೆ ಹುಟ್ಟಿತು, ಯಾವುದು ಮಾಯವಾಯಿತು ಎಂದು ಬರೆದುಕೊಳ್ಳುತ್ತ ಹೋಗಬೇಕು. ಮಾಸ್ತರು ಹಾಜರಿ ಕರೆಯುವ ಹಾಗೆ. ಗಾರ್ಷಿಂಗ್ ಸಂಸ್ಥೆಗೆ ಆಗ ಬರ್ಲಿನ್‌ನಲ್ಲಿ ಒಂದು ಶಾಖೆಯಿತ್ತು. ಅಲ್ಲಿನ ಇಬಿಟ್‌ನಲ್ಲಿ 21ರಿಂದ 45 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಟಂಗ್‌ಸ್ಟನ್ನಿನ ಹಾಜರಿ ಪಟ್ಟಿ ತಯಾರಾಗಿ 2001ರಲ್ಲಿ ಪ್ರಕಟವಾಯಿತು.

ಪಟ್ಟಿ ಕೈಯಲ್ಲಿದ್ದ ಮೇಲೆ ಪ್ಲಾಸ್ಮಾ ತನ್ನ ಒಳಗುಟ್ಟನ್ನು ಮುಚ್ಚಿಡಲಾಗಲಿಲ್ಲ. ಕಡಿಮೆ ಎಲೆಕ್ಟ್ರಾನು ಕಳೆದುಕೊಂಡವರ ಗೆರೆ ಹೊಳೆದರೆ ತೋಳ ಅಂಚಿನಲ್ಲಿದೆ. ಹೆಚ್ಚು ಕಳೆದುಕೊಂಡವರ ಗೆರೆ ಹೊಳೆದರೆ ನಡುಮನೆಗೆ ಬಂದಿದೆ. ಹಾಗೆ ಕಂಡಾಗ ಸೂಕ್ಷ್ಮ ತರಂಗಗಳಿಂದ ಪ್ಲಾಸ್ಮಾದ ನಡುವನ್ನು ಕಾಯಿಸಿ ಕದಡಿದರೆ ಟಂಗ್‌ಸ್ಟನ್ ಅಲ್ಲಿ ಗುಂಪುಗೂಡುವುದಿಲ್ಲ. ಅಂಚಿಗೆ ಇನ್ನಷ್ಟು ಅನಿಲ ಬಿಟ್ಟು ತಣಿಸಿದರೆ ಗೋಡೆಯ ಸವೆತ ಕಡಿಮೆಯಾಗುತ್ತದೆ. ಹೀಗೆ ಗೆರೆ ನೋಡಿ ಮದ್ದು ಕೊಡುತ್ತ, ಮದ್ದು ಕೊಟ್ಟು ಗೆರೆ ನೋಡುತ್ತ ಟಂಗ್‌ಸ್ಟನ್ ಗೋಡೆಯೊಂದಿಗೆ ಬದುಕಬಹುದೆಂದು ಗಾರ್ಷಿಂಗ್ ತೋರಿಸಿತು.

ಭಾರತದ ಕಣ್ಣು

ಈ ಪಾಠದ ಫಲ ಕಾಣುವುದು ಫ್ರಾನ್ಸಿನ ಕದರಾಷ್‌ನಲ್ಲಿ. ಅಲ್ಲಿ ಹಲವು ದೇಶಗಳು ಸೇರಿ 'ಈಟರ್' ಎಂಬ ಅತಿ ದೊಡ್ಡ ಸಮ್ಮಿಲನ ಯಂತ್ರವನ್ನು ಕಟ್ಟುತ್ತಿವೆ. ಭಾರತ 2005ರ ಕೊನೆಯಲ್ಲಿ ಆ ಕೂಟವನ್ನು ಸೇರಿತು. ಮೊದಲು ಈಟರ್‌ನ ತಳದ ತೋಡಿಗೆ ಇಂಗಾಲವನ್ನೂ ಬಳಸುವ ಯೋಚನೆಯಿತ್ತು. 2013ರಲ್ಲಿ ಅದು ಪೂರ್ತಿ ಟಂಗ್‌ಸ್ಟನ್ ಆಗಲಿ ಎಂದಾಯಿತು. ಸುತ್ತಲಿನ ಗೋಡೆಗೆ ಗೊತ್ತಾಗಿದ್ದ ಬೆರಿಲಿಯಂ ಬದಲು ಟಂಗ್‌ಸ್ಟನ್ ಇರಲಿ ಎಂಬುದು 2024ರಲ್ಲಿ ಪ್ರಕಟವಾದ ಹೊಸ ಯೋಜನೆಯಲ್ಲಿದೆ. ಅದರ ಪ್ರಕಾರ ಪ್ರಯೋಗಗಳು ಆರಂಭವಾಗುವುದು 2034ರಲ್ಲಿ. ಕದರಾಷ್‌ನಲ್ಲೇ ಇರುವ 'ವೆಸ್ಟ್' ಎಂಬ ಟಂಗ್‌ಸ್ಟನ್ ಗೋಡೆಯ ಯಂತ್ರ 2025ರ ಫೆಬ್ರುವರಿಯಲ್ಲಿ 22 ನಿಮಿಷ ಪ್ಲಾಸ್ಮಾವನ್ನು ಹಿಡಿದಿಟ್ಟಿತು.

ಈಟರ್‌ನ ಪ್ಲಾಸ್ಮಾ ಹದಿನೈದು ಕೋಟಿ ಡಿಗ್ರಿ ಮುಟ್ಟಬೇಕು. ಅಲ್ಲಿ ಟಂಗ್‌ಸ್ಟನ್ ಅರವತ್ತಕ್ಕೂ ಹೆಚ್ಚು ಎಲೆಕ್ಟ್ರಾನುಗಳನ್ನು ಕಳಚಿ ಇನ್ನೂ ಹೊಸ ವೇಷಗಳಲ್ಲಿ ಬರುತ್ತದೆ. ಅದನ್ನು ಪತ್ತೆಹಚ್ಚುವ ಕಾವಲುಗಾರರಲ್ಲಿ ಭಾರತವೂ ಒಂದು. ಹರಳಿನಿಂದ ಕ್ಷ-ಕಿರಣದ ರೋಹಿತ ತೆಗೆಯುವ ಉಪಕರಣಗಳನ್ನು ಈಟರ್‌ಗೆ ಒದಗಿಸುವ ಹೊಣೆ ನಮ್ಮ ದೇಶದ ಪಾಲಿಗೆ ಬಂದಿದೆ. ಅದನ್ನು ಹೊತ್ತಿರುವುದು ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಅಂಗವಾದ ಈಟರ್-ಇಂಡಿಯಾ. ಭಾರತದಲ್ಲೇ ಕಟ್ಟಿದ 'ಆದಿತ್ಯ' ಎಂಬ ಯಂತ್ರದಲ್ಲಿ 1989ರಿಂದ ಪ್ಲಾಸ್ಮಾ ಬೆಳಗಿಸಿದ್ದು ಆ ಸಂಸ್ಥೆಯೇ. ಇಂದು ಎಂಟನೆಯ ತರಗತಿಯಲ್ಲಿ ಪಟ್ಟಕ ಹಿಡಿದು ಗೋಡೆಯ ಮೇಲೆ ಬಣ್ಣ ಮೂಡಿಸುವ ಮಕ್ಕಳಿಗೆ ಈಟರ್ ಬೆಳಗುವ ಹೊತ್ತಿಗೆ ಕೆಲಸಕ್ಕೆ ಸೇರುವ ವಯಸ್ಸು.

ಸಂಜೆ ಗಾರ್ಷಿಂಗ್‌ನಿಂದ ಹೊರಟ ರೈಲು ಅರ್ಧ ಗಂಟೆಯೊಳಗೆ ಪ್ರವಾಸಿಯನ್ನು ಮತ್ತೆ ಮರಿಯನ್‌ಪ್ಲಾಟ್ಸ್‌ಗೆ ತಂದು ಬಿಡುತ್ತದೆ. ಟೀರೆಕ್ ಬೀದಿಯಲ್ಲಿ ಆ ಹೊತ್ತಿಗೆ ದೀಪಗಳು ಹತ್ತಿರುತ್ತವೆ. ಅಂದು ಮನೆ ಬಿದ್ದ ದಿನ ಹುಡುಗನಿಗೆ ಎರಡು ಉಡುಗೊರೆಗಳು ಸಿಕ್ಕಿದ್ದವು. ದೊರೆ ಕೊಟ್ಟ ಚಿನ್ನದ ನಾಣ್ಯಗಳು ಕೆಲವೇ ವರ್ಷಗಳಲ್ಲಿ ಖರ್ಚಾದವು. ಉಟ್ಸ್‌ಷ್ನೈಡರ್ ಕೊಟ್ಟ ಪುಸ್ತಕಗಳನ್ನು ಆತ ರಾತ್ರಿ ಕೂತು ಓದಿದ. ಅವನು ಎಣಿಸಿದ ಗೆರೆಗಳ ಎಣಿಕೆ ಗಾರ್ಷಿಂಗ್‌ನಲ್ಲಿ ಇನ್ನೂ ಮುಗಿದಿಲ್ಲ.